ಎಡದ ಹೆಬ್ಬೆಟ್ಟು

ಹಿಂದಿನ ರೈಟರು ದೇಜಪ್ಪಣ್ಣನ ಅಕ್ಷರ ಮುತ್ತಿನಂಥದ್ದು.
ಅಪಘಾತದ ಪುಸ್ತಕದಲ್ಲಿ ಹನ್ನೆರಡು ತಿಂಗಳಿಗೂ
ಕೆಂಪು ಶಾಯಿಯ ಒಂದೇ ಮಾತು: ಇಲ್ಲ.
ಇಲ್ಲ. ಇಲ್ಲ.
ಪ್ರತಿ ಇಲ್ಲದ ಕೆಳಗೂ ಸ್ಕೇಲಿಟ್ಟು ಎಳೆದ ಗೆರೆ.

ಬೈಕಂಪಾಡಿಯ ಗೇರುಬೀಜದ ಕಾರ್ಖಾನೆ ಇದು.
ನೂರ ನಲವತ್ತು ಹೆಂಗಸರು, ನೂರ ನಲವತ್ತು ಕತ್ತಿ,
ಕಾಲಲ್ಲಿ ಒತ್ತಿದರೆ ಬಾಯಿ ಮುಚ್ಚುವ ಕತ್ತಿ.
ಸಿಪ್ಪೆಯ ಎಣ್ಣೆ ತಾಗಿದಲ್ಲೆಲ್ಲ ಚರ್ಮ ಏಳುತ್ತದೆ.
ಇಲ್ಲಿ ಇಡೀ ವರ್ಷ ಯಾರಿಗೂ ಏನೂ ಆಗಲಿಲ್ಲವಂತೆ.

ನಾನು ಹೊಸಬಳು. ಇನ್‌ಸ್ಪೆಕ್ಟರು ಬರುವ ಮೊದಲು
ತಾಳೆ ನೋಡಲೆಂದು ಸಂಬಳದ ಪುಸ್ತಕ ತೆರೆದೆ.
ಸಹಿ ಬಾರದವರ ಹೆಬ್ಬೆಟ್ಟುಗಳು, ನೀಲಿ, ಸಾಲಾಗಿ;
ಗೇರೆಣ್ಣೆ ತಿಂದ ಬೆರಳಿಗೆ ಗೆರೆಗಳೇ ಇರುವುದಿಲ್ಲ,
ಹೊಳೆಯ ಕಲ್ಲಿನ ಹಾಗೆ ನುಣ್ಣಗೆ, ಎಲ್ಲರದೂ ಒಂದೇ.
ಆದರೆ ವಾರಿಜಕ್ಕನ ಗುರುತಿನ ಪಕ್ಕ, ಆಗಸ್ಟಿನಲ್ಲಿ,
ಅದೇ ಮುತ್ತಿನ ಅಕ್ಷರ, ಇರುವೆಯಷ್ಟು ಸಣ್ಣಗೆ: ಬ.ಹೆ.

ಬಲ ಹೆಬ್ಬೆಟ್ಟು.
ಸೆಪ್ಟೆಂಬರಿಗೆ ಬ.ಹೆ. ಅಕ್ಟೋಬರಿಗೆ ಬ.ಹೆ.
ಎಡದ್ದು ಮತ್ತೆ ಬರಲೇ ಇಲ್ಲ.
ಪಾಪ ದೇಜಪ್ಪಣ್ಣ, ಒಂದು ಪುಸ್ತಕದಲ್ಲಿ ನುಂಗಿದ್ದನ್ನು
ಇನ್ನೊಂದರಲ್ಲಿ ಉಗುಳಿದ್ದರು.

ಗಂಜಿಯ ಬಿಡುವಿನಲ್ಲಿ ಕೇಳಿದೆ.
ಕೈ ಸೆರಗಿನೊಳಗೆ ಹೋಯಿತು.
"ದಾಲ ಇಜ್ಜಿ ಬಾಯೀ" ಅಂದಳು.
ರಿಜಿಸ್ಟರಿನದೇ ಮಾತು, ತುಳುವಿನಲ್ಲಿ.

ಉಪ್ಪಿನಕಾಯಿ ಮುಗಿಯುವ ಹೊತ್ತಿಗೆ ತಾನೇ ಹೇಳಿದಳು:
"ಆಟಿಯ ಮಳೆ, ಕರೆಂಟು ಹೋಗಿತ್ತು. ಹುಡುಕಿದೆವು.
ಸಿಪ್ಪೆಯ ಒಟ್ಟಿಗೆ ಬಾಯ್ಲರಿಗೆ ಹೋಗಿರಬೇಕು.
ಬರೆದರೆ ಅಷ್ಟೂ ಜನರ ಬೋನಸು ಹೋಗುತ್ತಿತ್ತಲ್ಲ?"

ಮ್ಯಾನೇಜರು ಪಡಿವಾಳರಿಗೆ ಹಳತು ಬೇಡ.
"ಈಗಿನದು ಬರೆಯಿರಿ. ಅದೂ ದೊಡ್ಡದಾದರೆ ಮಾತ್ರ."

ಈಗಿನದು ಬರೆಯುತ್ತೇನೆ, ಸಣ್ಣದನ್ನೂ.
ಮಂಗಳವಾರ, ಮೂರು ಐವತ್ತು; 'ಸುಮಾರು ನಾಲ್ಕು' ಅಲ್ಲ.
ನೆಬಿಸಾ, ಮೂವತ್ತೊಂದನೇ ಕತ್ತಿ,
ಎಡಗೈ ತೋರುಬೆರಳು, ಎರಡು ಹೊಲಿಗೆ.
ಕಾರಣದ ಕಾಲಮ್ಮಿನಲ್ಲಿ ಹಳೆಯ ವರ್ಷಗಳಲ್ಲೆಲ್ಲ
'ಅಜಾಗ್ರತೆ' ಎಂದಿದೆ, ಮೊಹರು ಒತ್ತಿದ ಹಾಗೆ.
ನಾನು ಹೋಗಿ ಆ ಮಣೆಯ ಮೇಲೆ ಕೂತೆ,
ಒಂದು ಬೀಜ ಇಟ್ಟೆ, ಒತ್ತಿದೆ, ಕಾಲು ತೆಗೆದೆ.
ಕಾಲು ತೆಗೆದ ಮೇಲೂ ಕತ್ತಿ ಇನ್ನೊಮ್ಮೆ ಇಳಿಯಿತು.
ಸ್ಪ್ರಿಂಗು ಸಡಿಲ.
ಕಾಲಮ್ಮು ಸಾಲದೆ ಅಂಚಿನವರೆಗೂ ಬರೆದೆ.

ಅದರ ಕೆಳಗೆ, ಇವತ್ತಿನ ತಾರೀಕು ಹಾಕಿ,
'ತಡವಾಗಿ ದಾಖಲಿಸಿದ್ದು' ಎಂದು ಬರೆದು,
ವಾರಿಜಕ್ಕ, ಕಳೆದ ಆಟಿ,
ಸಮಯ: ಕರೆಂಟು ಹೋದಾಗ.
ಗಂಟೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದೆ.

ಗಾಯಗೊಂಡವರ ಸಹಿ ಎಂಬಲ್ಲಿ ಅವಳು
ಬಲಗೈ ಚಾಚಿದಳು, ಅಭ್ಯಾಸ. ಆಮೇಲೆ ತಡೆದು,
ಸೆರಗಿನಿಂದ ಎಡಗೈ ತೆಗೆದು
ಉಳಿದಷ್ಟನ್ನು ಪ್ಯಾಡಿಗೆ ಒತ್ತಿ, ಇಟ್ಟಳು.
ಹಣೆಯ ಬೊಟ್ಟಿನಷ್ಟು ನೀಲಿ.
ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು
ತನ್ನ ಕತ್ತಿಯ ಹತ್ತಿರ ಹೋದಳು.

ಪಣಂಬೂರಿನ ಕಡೆಯಿಂದ ಯಾವುದೋ ಹಡಗು ಕೂಗಿತು.
ನಾಳೆ ಇನ್‌ಸ್ಪೆಕ್ಟರು.
ಪಡಿವಾಳರು ಇನ್ನೂ ಈ ಪುಟ ನೋಡಿಲ್ಲ.