ಎರಡು ಬೆರಳ ಜಾಗ

ಆಟೋ ಕಾಂಪ್ಲೆಕ್ಸಿನ ಮೂರನೇ ತಿರುವು, ಗಫಾರಣ್ಣನ ಅಂಗಡಿ.
ಸೂರಿನ ಕೊಕ್ಕೆಗಳಲ್ಲಿ ನಾಲ್ಕು ಫ್ರೇಮು,
ತೊಳೆದು ಒಣಹಾಕಿದ ಅಂಗಿಗಳ ಹಾಗೆ, ಒಳಗೆ ಯಾರೂ ಇಲ್ಲ.
ನನ್ನ ಚೀಲದಲ್ಲಿ ಆರು ಸಾವಿರದ ಎಂಟು ನೂರು.

"ಇಪ್ಪತ್ತೊಂಬತ್ತು ಇಂಚಿನ ಚಕ್ರ ಹಿಡಿಸಬೇಕು" ಅಂದೆ.
ಅಡಿಯಿಂದ ಮುಡಿವರೆಗೆ ನೋಡಿ ನಕ್ಕ:
"ನಿಂಗೆ ಅದೇ ಸರಿ ಬಿಡು, ಲೈಟು ಕಂಬ."
ಮೀಟರ್ ಓದುವವಳಿಗೆ ಆ ಹೆಸರು ಹೊಸತಲ್ಲ.

ಕೆಂಪಿನದು ಹಗುರ. ಒಂದೇ ಬೆರಳಲ್ಲಿ ಎತ್ತಿದೆ,
ಎತ್ತಿದ ಬೆರಳಿಗೇ ಆಸೆ ಅಂಟಿತು.
ಉಗುರಲ್ಲಿ ಬಡಿದರೆ ಟಪ್ ಅಂತು, ಅಷ್ಟೇ.
ಬೂದಿ ಬಣ್ಣದ್ದು ಉಕ್ಕು. ಬಡಿದಾಗ
ಊಟ ಮುಗಿದ ಕಂಚಿನ ತಟ್ಟೆಯ ಹಾಗೆ
ಸ್ವಲ್ಪ ಹೊತ್ತು ಮಾತಾಡಿತು.
ಮೇಲಿನ ಕೊಳವೆಯಲ್ಲೊಂದು ತಗ್ಗು, ಯಾರೋ ಬಿದ್ದ ಗುರುತು.

"ಅಲ್ಯೂಮಿನಿಯಂ ಹೇಳದೇ ಮುರಿಯತ್ತೆ," ಗಫಾರಣ್ಣ,
"ಇದು ಮೊದಲು ಬಾಗತ್ತೆ. ಬಾಗಿ ಹೇಳತ್ತೆ.
ಆಮೇಲೆ ವೆಲ್ಡಿಂಗಿಗೆ ನಮ್ಮ ಲಾದ್ರು ಇದಾನಲ್ಲ."

ನನಗೆ ಬೇಕಿದ್ದ ಉತ್ತರ ಇನ್ನೂ ಕೆಳಗಿತ್ತು.
ಹಳೆಯ ಚಕ್ರವೊಂದನ್ನು ತೂರಿಸಿ
ಟೈರಿಗೂ ಕೊಳವೆಗೂ ನಡುವೆ ಕೈಯಿಟ್ಟೆ.
ಕೆಂಪಿನದರಲ್ಲಿ ಉಗುರೂ ಹೋಗಲಿಲ್ಲ.
ಬೂದಿಯದರಲ್ಲಿ ಎರಡು ಬೆರಳು, ಸಲೀಸು.
ಅಷ್ಟು ಸಾಕು
ಕುಡುಮಲ್ಲಿಗೆ ಕಡೆಯ ಕೆಮ್ಮಣ್ಣಿಗೆ.
ಕೆಸರು ಬರದೇ ಇರುವುದಿಲ್ಲ,
ಬಂದದ್ದಕ್ಕೆ ಹೋಗಲೊಂದು ದಾರಿ ಬಿಡಬೇಕು.

ಚೌಕಾಸಿ ಆರು ಸಾವಿರಕ್ಕೆ ನಿಂತಿತು.

ತೀರ್ಥಹಳ್ಳಿ ಬಸ್ಸಲ್ಲಿ ಅದನ್ನು ಮಡಿಲಲ್ಲಿಟ್ಟು ಕೂತೆ.
ಗಾಜನೂರು ದಾಟುವಾಗ ಅದರ ತ್ರಿಕೋನದೊಳಕ್ಕೆ
ತುಂಗೆ ಬಂದಳು, ಕೂತಳು, ಟಿಕೆಟ್ಟಿಲ್ಲದೆ ಇಳಿದುಹೋದಳು.
"ಇದೇನಮ್ಮಾ?" ಕಂಡಕ್ಟರ್.
"ಸೈಕಲ್ಲು."
"ಚಕ್ರ?"
"ಮುಂದಿನ ಸಂಬಳಕ್ಕೆ."
ಲಗೇಜು ಹರಿಯಲೋ ಬೇಡವೋ ಎಂದು
ಅವನು ಪೆನ್ನು ಕಿವಿಗೇರಿಸಿದ.