ಮೂವತ್ತೊಂದಕ್ಕ ಮುಳುಗಡೆ

ಇ-ಮೇಲು ಬಂದೈತಿ: "ಪ್ರಿಯ ಆಟಗಾರರೇ,
ಭಾರವಾದ ಮನಸ್ಸಿನಿಂದ ತಿಳಿಸುತ್ತಿದ್ದೇವೆ."
ಕಂಪನಿಗೆ ಮನಸ್ಸು ಭಾರ ಆಗೂದು
ಯಾವಾಗ್ಲೂ ಮೂರು ತಿಂಗಳ ಲೆಕ್ಕ ಮುಗಿದ ಮರುದಿನ.
ಮೂವತ್ತೊಂದನೇ ತಾರೀಖು, ರಾತ್ರಿ ಹನ್ನೆರಡೂವರಿಗೆ
'ಗ್ರೇ ಹಾರ್ಬರ್' ಸರ್ವರು ಬಂದ್.

ಬಾಗಲಕೋಟಿ, ನವನಗರ, ಸೆಕ್ಟರ್ ನಲವತ್ತೇಳು.
ಹಗಲಿ ಝೆರಾಕ್ಸ್ ಅಂಗಡಿ, ಇಂಜಿನಿಯರಿಂಗ್ ಹುಡುಗರ ನೋಟ್ಸು;
ರಾತ್ರಿ ಆ ಬಂದರಿನ ಹಡಗು ರಿಪೇರಿ ಮಿಸ್ತ್ರಿ ನಾನು,
ಲೆವಲ್ ಎಂಬತ್ತೆರಡು. ಆರು ವರ್ಷ.
ನಗಬ್ಯಾಡ್ರಿ. ಆರು ವರ್ಷದಾಗ ನೀವೇನು ಕಟ್ಟೀರಿ?

ಪರಿಹಾರನೂ ಐತಿ: ಹೊಸಾ ಆಟದಾಗ ಐದುನೂರು ನಾಣ್ಯ,
ಒಂದು ನೀಲಿ ಟೊಪ್ಪಿಗಿ.
ಅವ್ವಗ ಓದಿ ಹೇಳಿದೆ.
ರೊಟ್ಟಿ ಬಡಿಯೂದು ನಿಲ್ಲಿಸಿ ಕೇಳಿದ್ಲು,
"ಅಳತಿಗೆ ಯಾರು ಬಂದಿದ್ರು?"
ಹಳೇ ಊರಾಗ ಬಂದಿದ್ರಂತ ಟೇಪು ಹಿಡಕೊಂಡು,
ಗ್ವಾಡಿ ಮ್ಯಾಲ ಸುಣ್ಣದಾಗ ನಂಬರ ಬರದು,
ಬಾಗಲಕ್ಕಿಷ್ಟು, ಕಿಡಕಿಗಿಷ್ಟು, ಬೇವಿನ ಗಿಡಕ್ಕಿಷ್ಟು.
ಹಿತ್ತಲದ ಹಾಗಲಬಳ್ಳಿ ಬರಕೊಳ್ಳಲಿಲ್ಲಂತ
ಅವ್ವಗ ಇವತ್ತೂ ಸಿಟ್ಟು.
"ನಿಂದು ಅಳೀಲಿಕ್ಕೆ ಯಾರೂ ಬರಲಿಲ್ಲೇನು?"
ಇಲ್ಲವ್ವ. 'ಒಪ್ಪಿಗೆ' ಅಂತ ಒತ್ತಿದಾಂವ ನಾನ,
ನಲವತ್ತು ಪುಟ, ಒಂದೂ ಓದದ.

ಆಟದ ಸುದ್ದಿ ದಿನಾ ಓದ್ತೀನಿ, ಚಟ.
ಭಾನುವಾರ ಪ್ರಶಸ್ತಿ ತಗೊಂಡ ಸ್ಟುಡಿಯೋಕ್ಕ ಮಂಗಳವಾರ ಬೀಗ.
ಮುಖ್ಯಸ್ಥ ಅಂತಾನ, "ಕುಟುಂಬದಂಗ ಇದ್ವಿ."
ಹೌದಪಾ. ಪಾಲಾಗೂ ಹೊತ್ತಿಗೆ ಎಲ್ಲಾರೂ ಕುಟುಂಬನ.
ಆಟದ ಕಡೀಗೆ ಹೆಸರು ಏರ್ತಾವಲ್ಲ ಇಪ್ಪತ್ತು ನಿಮಿಷ,
ನಾನು ಬಿಡದ ನೋಡಾಂವ.
ನಮ್ಮ ಬಂದರಿನಾಗ ಹಗ್ಗದ ಮ್ಯಾಲ ಮಳಿಹನಿ
ಜಾರೂದನ್ನ ಮಾಡಿದಾಕಿ ಒಬ್ಬಾಕಿ, ಇಂಗ್ರಿಡ್ ಅಂತ.
ತಗದವ್ರ ಪಟ್ಟಿಯೊಳಗ ಆಕಿ ಹೆಸರು ಹುಡುಕಿದೆ.
ಪಟ್ಟಿ ಇರಲಿಲ್ಲ, ಬರೇ ಸಂಖ್ಯೆ ಇತ್ತು.

ಮುಧೋಳದ ಸಂಗನಬಸು ಫೋನಿನಾಗ ವಾದ ಹಚ್ಚತಾನ:
"ಧಂದೆ ಐತಿ ಮಾರಾಯಾ, ಸರ್ವರಿಗೂ ಕರೆಂಟ್ ಬಿಲ್ಲು ಬರ್ತೈತಿ."
ಬರಲಿ. ಆದ್ರ ಕುದುರಿಗೆ ಜರತಾರಿ ಜೂಲಾ ಅಂತ
ಫೆಬ್ರವರಿಯೊಳಗ ಹದಿನಾಲ್ಕುನೂರು ಇಸಗೊಂಡಾಗ
ಅವ್ರಿಗೆ ಗೊತ್ತಿರಲಿಲ್ಲೇನು?
ಕುದುರಿ ಚಂದ ಕಾಣ್ತಿತ್ತು, ಆ ಮಾತು ಬ್ಯಾರೆ.
ಪೆಟ್ಟಿಗಿ ತಗೊಂಡ್ರ ಒಳಗ ಡಿಸ್ಕಿಲ್ಲ, ಒಂದು ಚೀಟಿ.
ಐದು ಸಾವಿರದ ಆಟ ಮೊದಲನೇ ದಿನನ
ಎಂಬತ್ತು ಜಿಬಿ ಬೇಡತೈತಿ,
ಹೊಳಿ ಕಡೆ ಗಾಳಿ ಬಿಟ್ರ ನಮ್ಮ ಸೆಕ್ಟರಿನ ನೆಟ್ಟು ಹೆಂಗಂತ
ನಿಮಗ ಗೊತ್ತ ಐತಿ.
ವಿಮರ್ಶಕರು ಹತ್ತಕ್ಕ ಎಂಟು ಕೊಡ್ತಾರ.
ಎಂಟು ಅಂದ್ರ ಬೀಗರ ಮನಿ ಊಟ, ಯಾರೂ ಕೆಟ್ಟ ಅನ್ನಂಗಿಲ್ಲ.

ಬ್ಯಾಸಿಗ್ಯಾಗ ಹಿನ್ನೀರು ಇಳೀತೈತಿ.
ಹ್ವಾದ ಮೇದಾಗ ಅವ್ವನ್ನ ಗಾಡಿ ಹಿಂದ ಕೂಡಿಸ್ಕೊಂಡು ಹೋಗಿದ್ದೆ.
ಬಿರಕ ಬಿಟ್ಟ ರಾಡಿಯೊಳಗ ಅರ್ಧ ಕಟ್ಟಿ, ಒಡದ ಬೀಸುಕಲ್ಲು.
ಇಲ್ಲಿ ಅಡಗಿಮನಿ, ಇಲ್ಲಿ ಬಚ್ಚಲ ಅಂತ
ಹೆಜ್ಜಿ ಹಾಕಿ ಅಳದ್ಲು,
ಚಪ್ಪಲಿ ಕೈಯಾಗ ಹಿಡಕೊಂಡು.
ಸರ್ವರಿಗೆ ಬ್ಯಾಸಿಗಿ ಇಲ್ಲ.

ಮೂವತ್ತೊಂದಕ್ಕ ಹನ್ನೊಂದು ಮಂದಿ ಬಂದಿದ್ವಿ ಬಂದರಿಗೆ.
ಚಿಲಿ ದೇಶದಾಂವ ಒಬ್ಬ, ಖರೇ ಹೆಸರು ಗೊತ್ತಿಲ್ಲ,
ಆರು ವರ್ಷ ನಮಗಾಂವ 'ಹಳದಿ ಗೂಬಿ'.
ಯಾರೂ ಕಾದಾಡಲಿಲ್ಲ.
ನಾನು ಸುಮ್ನ ಒಂದು ದೋಣಿ ರಿಪೇರಿ ಮಾಡಿದೆ,
ಮೂರು ಮೊಳಿ, ಒಂದು ಹಲಗಿ.
ಹನ್ನೆರಡೂವರಿ ಆತು. ಹೋಗಲಿಲ್ಲ.
ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು ನಿಮಿಷ,
ಯಾರೋ ನಮ್ಮನ್ನ ಮರತಿದ್ರು.
ಗೂಬಿ ಬರದ: "ಇನ್ನೂ ಇದ್ದೀವಾ?"
ನಾನು ಉತ್ತರ ಟೈಪ್ ಮಾಡಾಕತ್ತಿದ್ದೆ

ಮುಂಜಾನಿ ಅದ ಕಂಪನಿ ಹೊಸಾ ಟ್ರೇಲರ್ ಬಿಟ್ಟೈತಿ.
ಹಗ್ಗ ಐತಿ, ಮಳಿಹನಿ ಐತಿ, ಹಂಗ ಜಾರತೈತಿ.
ಅಂಗಡಿ ಶಟರ್ ಅರ್ಧಕ್ಕ ಎತ್ತಿ
ಮೂರು ಸಲ ನೋಡಿದೆ.
ಚಂದ ಐತಿ.
ಸಿಟ್ಟು ಬಂದಿದ್ದ ಅದಕ್ಕ.