ಮೂರನೇ ಕಂಬದ ಹತ್ತಿರ

ಹೊಳೆನರಸೀಪುರದಲ್ಲಿ ಈಗ
ಹೇಮಾವತಿಯ ಪಕ್ಕ ಸಿಮೆಂಟಿನ ಹಾದಿ.
ಬೆಳಗಿನ ಆರಕ್ಕೇ ಬೂಟುಗಳು,
ಹೆಜ್ಜೆ ಎಣಿಸುವ ಗಡಿಯಾರಗಳು.

ಮೂರನೇ ದೀಪದ ಕಂಬದ ಬುಡದಲ್ಲಿ
ಕೂರಲೆಂದು ಹಾಕಿದ್ದಾರಲ್ಲ,
ಅದು ಚಿಕ್ಕತಾಯಮ್ಮನ ಒಗೆಯುವ ಕಲ್ಲು.
ನಡುವಿನ ಆ ತಗ್ಗು
ಊರಿನ ಪಂಚೆ, ಸೀರೆ, ತೊಟ್ಟಿಲ ಬಟ್ಟೆ
ನಲವತ್ತು ವರ್ಷ ಬಡಿದು ಬಡಿದು ಆದದ್ದು.
ನಮ್ಮಪ್ಪನ ಕೊನೆಯ ದುಪ್ಪಟಿಯೂ ಇಲ್ಲೇ.
ಕಾಸು ಬ್ಯಾಡ ಬಿಡು ಮಗಾ, ಅಂದಿದ್ದಳು.

ನೀರು ಇಪ್ಪತ್ತು ಮಾರು ಆಚೆ ಸರಿದಿದೆ,
ಗೊರೂರಿನವರು ಬಿಟ್ಟಾಗ, ಬಿಟ್ಟಷ್ಟು.
ಜೊಂಡಿನೊಳಗೆ ನೀರುಕೋಳಿಯ ಕೆಮ್ಮು.
ತಗ್ಗಿನಲ್ಲಿ ನಿಂತ ಇಬ್ಬನಿಗೆ
ಕುಂಡೆಕುಸ್ಕವೊಂದು ಬಗ್ಗಿ
ಬಾಲ ಬಡಿಯುತ್ತದೆ, ಒಗೆಯುವವಳ ಹಾಗೆ.

ನಾನು ಅದರ ಮೇಲೆ ಕೂರುವುದಿಲ್ಲ.
ಬೂಟಿನ ದಾರ ಕಟ್ಟುವ ನೆಪದಲ್ಲಿ
ಅಂಗೈ ಇಡುತ್ತೇನೆ, ತುಸು ಹೊತ್ತು.
ಮಣಿಕಟ್ಟು ನಡುಗಿ ಕೇಳುತ್ತದೆ:
ನಡಿಗೆ ಮುಗಿಯಿತೇ?